ಬರಿಗಾಲಿನ ಕಥೆಯೂ ಅರ್ಹತಾ ಸುತ್ತಿನ ಲೆಕ್ಕವೂ

ಭಾರತದ ಕಾಲ್ಚೆಂಡಿನ ತಂಡವು ಮತ್ತೊಂದು ಅರ್ಹತಾ ಸುತ್ತಿಗೆ ಸನ್ನದ್ಧವಾಗುತ್ತಿದೆಯೆಂಬ ವಾರ್ತೆ ಬಂದೊಡನೆ, ಸಿಂಧನೂರಿನ ಚಹಾದ ಅಂಗಡಿಗಳಲ್ಲಿಯೂ, ಲಿಂಗಸುಗೂರಿನ ಮೈದಾನಗಳ ಅಂಚಿನಲ್ಲಿಯೂ, ಮಸ್ಕಿಯ ಬಸ್ ನಿಲ್ದಾಣದಲ್ಲಿಯೂ ಒಂದೇ ಬಗೆಯ ವಾದವು ತಲೆಯೆತ್ತುತ್ತದೆ. ಕ್ರಿಕೆಟ್ಟಿನ ಮೋಹವೇ ಪ್ರಬಲವಾಗಿರುವ ಈ ಸೀಮೆಯಲ್ಲಿ ಫುಟ್ಬಾಲನ್ನು ಮನಸಾರೆ ಪ್ರೀತಿಸುವವರು ಕೆಲವರೇ ಆದರೂ ಅವರ ಉತ್ಕಂಠೆ ಮಾತ್ರ ಯಾರಿಗೂ ಕಡಮೆಯಾದುದಲ್ಲ. ಅದರಲ್ಲಿಯೂ, ಪೂರ್ವ ಬಂಗಾಳವನ್ನು ತೊರೆದು ಬಂದ ಕುಟುಂಬಗಳು ನೆಲೆನಿಂತಿರುವ ಆರ್.ಎಚ್. ಕ್ಯಾಂಪುಗಳು ಸಿಂಧನೂರು ತಾಲ್ಲೂಕಿನಲ್ಲಿಯೇ ಇರುವುದರಿಂದ, ಎದುರಾಳಿ ಬಾಂಗ್ಲಾದೇಶವೆಂದಾದಾಗ ಆ ಪಂದ್ಯಕ್ಕೆ ಇಲ್ಲಿ ಬೇರೊಂದು ತೂಕವೇ ಒದಗುತ್ತದೆ. ಈ ಮಾತುಕತೆಗಳನ್ನು ಆದರದಿಂದ ಆಲಿಸಿದವನಿಗೆ ಒಂದು ಸಂಗತಿಯು ವ್ಯಥೆಯನ್ನುಂಟುಮಾಡುತ್ತದೆ: ನಮ್ಮ ಆಶೆಯೂ ನಮ್ಮ ನಿರಾಶೆಯೂ ಬಹುಮಟ್ಟಿಗೆ ಪರೀಕ್ಷಿಸದೆ ಒಪ್ಪಿಕೊಂಡ ಕಥೆಗಳ ಮೇಲೆ ನಿಂತಿವೆ.

ಅವುಗಳಲ್ಲಿ ಅತ್ಯಂತ ಜನಜನಿತವಾದುದು 1950ರ ಕಥೆ. “ಬೂಟಿಲ್ದ ಆಡ್ತೀವಿ ಅಂದದ್ದಕ್ಕ ನಮ್ಮನ್ನ ವರ್ಲ್ಡ್ ಕಪ್ಪಿಗೆ ಸೇರಿಸ್ಕೊಳ್ಳಲಿಲ್ಲ” ಎಂದು ಹಿರಿಯರು ಹೇಳುತ್ತಾರೆ, ಕಿರಿಯರು ತಲೆದೂಗುತ್ತಾರೆ. ಯಥಾರ್ಥವು ಹೀಗಿದೆ. ಬ್ರೆಜಿಲಿನಲ್ಲಿ ನಡೆದ ಆ ವಿಶ್ವಕಪ್ಪಿಗೆ ನಮ್ಮ ತಂಡವು ಯಾರನ್ನೂ ಸೋಲಿಸಿ ಪ್ರವೇಶ ಪಡೆದುದಲ್ಲ. ಅರ್ಹತಾ ಸುತ್ತಿನಲ್ಲಿ ನಮ್ಮೊಡನಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪೈನ್ಸ್‌ಗಳು ಒಂದೊಂದಾಗಿ ಹಿಂದೆ ಸರಿದುದರಿಂದ ಒಂದು ಪಂದ್ಯವನ್ನೂ ಆಡದೆಯೇ ಸ್ಥಾನವು ಭಾರತದ ಪಾಲಿಗೆ ಬಂದಿತು. ಇಟಲಿ, ಸ್ವೀಡನ್, ಪರಗ್ವೆಗಳಿದ್ದ ಗುಂಪಿನಲ್ಲಿ ನಮ್ಮ ಹೆಸರನ್ನು ಸೇರಿಸಿದ್ದರು. ಪ್ರಯಾಣದ ವೆಚ್ಚದ ಬಹುಭಾಗವನ್ನು ತಾವೇ ಭರಿಸುವುದಾಗಿ ಬ್ರೆಜಿಲಿನವರು ತಿಳಿಸಿಯೂ ಇದ್ದರು. ಇಷ್ಟೆಲ್ಲ ಆದ ಮೇಲೂ, ತಂಡದ ಆಯ್ಕೆಯ ಭಿನ್ನಾಭಿಪ್ರಾಯವನ್ನೂ ಅಭ್ಯಾಸಕ್ಕೆ ಕಾಲಾವಕಾಶವಿಲ್ಲದಿರುವುದನ್ನೂ ಮುಂದಿಟ್ಟು ಹಿಂದೆಗೆದುಕೊಂಡವರು ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನವರೇ. ಆ ಕಾಲದ ನಾಯಕ ಶೈಲೇನ್ ಮನ್ನಾ ಅವರು, ತಮಗೆಲ್ಲ ಒಲಿಂಪಿಕ್ಸೇ ಸರ್ವಸ್ವವಾಗಿತ್ತು, ವಿಶ್ವಕಪ್ಪಿನ ಮಹತ್ತ್ವವೇ ತಿಳಿದಿರಲಿಲ್ಲ ಎಂದು ಮುಂದೆ ಅನೇಕ ವರ್ಷಗಳ ಮೇಲೆ ಹೇಳಿದರು.

ಬರಿಗಾಲಿನ ವಿಷಯಕ್ಕೆ ಬಂದರೆ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು, ಯಾರೂ ಅವರನ್ನು ತಡೆಯಲಿಲ್ಲ. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ರಾಜ್ಯದ ಆಟಗಾರರೆಂಬುದನ್ನು ಈಗ ನೆನೆಯುವವರೇ ವಿರಳ. ಬೂಟು ಕಡ್ಡಾಯವಾದದ್ದು ಅದಾದ ಮೇಲೆ, 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯವು ನಮ್ಮನ್ನು 10–1ರಿಂದ ಸೋಲಿಸಿದ ಬಳಿಕ, ನಮ್ಮದೇ ಫೆಡರೇಷನ್ನಿನ ನಿರ್ಣಯದಿಂದ.

ಮಸ್ಕಿಯ ಜನರಿಗೆ ಪ್ರಮಾಣವೆಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ಕಾಣುತ್ತಿದ್ದ ಅರಸನು ಅಶೋಕನೇ ಎಂಬ ವಿದ್ವಾಂಸರ ಊಹೆಗೆ ಕಲ್ಲಿನ ಆಧಾರವು ಒದಗಿದುದು, 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಇದೇ ಊರಿನ ಬಂಡೆಯ ಮೇಲೆ ಅಶೋಕನೆಂಬ ಹೆಸರುಳ್ಳ ಲೇಖನವನ್ನು ಕಂಡಾಗ. ಅಂಥ ಊರಿನಲ್ಲಿ ನಿಂತು, ದಾಖಲೆಯಿರುವ ಒಂದು ಸಂಗತಿಗೆ ಪ್ರತಿಯಾಗಿ ಯಾರೋ ಕಟ್ಟಿದ ಕಥೆಯನ್ನು ನಂಬುವುದು ಉಚಿತವಲ್ಲ. ಬರಿಗಾಲಿನ ಕಥೆಯು ಮನಸ್ಸಿಗೆ ಹಿತವಾಗಿರುವುದೇಕೆಂದರೆ ಅದು ದೋಷವನ್ನು ಪರರ ಮೇಲೆ ಹೊರಿಸುತ್ತದೆ. ಯಥಾರ್ಥವಾದರೋ ನಮ್ಮ ಸಂಸ್ಥೆಯ ಅವಿವೇಕವನ್ನು ತೋರಿಸುತ್ತದೆ, ಮತ್ತು ಆ ಅವಿವೇಕದ ಸಂತತಿಯು ಇಂದಿಗೂ ನಿಂತಿಲ್ಲವೆಂಬುದೇ ನನ್ನ ದುಃಖ.

ಇದಕ್ಕೆ ಹೊಂದಿಕೊಂಡೇ ಇರುವ ಇನ್ನೊಂದು ಪ್ರತೀತಿಯೆಂದರೆ, ಐವತ್ತರ ದಶಕದಲ್ಲಿ ಭಾರತವು ಜಗತ್ತಿನ ಶ್ರೇಷ್ಠವಾದ ನಾಲ್ಕು ತಂಡಗಳಲ್ಲಿ ಒಂದಾಗಿತ್ತೆಂಬುದು. ಇದನ್ನು ಹೇಳುವವರು 1956ರ ಮೆಲ್ಬರ್ನ್ ಒಲಿಂಪಿಕ್ಸನ್ನು ಆಧಾರವಾಗಿ ಕೊಡುತ್ತಾರೆ. ಆ ಸಾಧನೆಯು ನಮ್ಮ ಸೀಮೆಗೆ ವಿಶೇಷವಾಗಿ ಪ್ರಿಯವಾಗಿರಬೇಕಾದುದು: ಆ ತಂಡದ ಗುರುವಾಗಿದ್ದ ಸೈಯದ್ ಅಬ್ದುಲ್ ರಹೀಮರು ಹೈದರಾಬಾದಿನವರು, ರಾಯಚೂರು ಜಿಲ್ಲೆಯು ಅದೇ ವರ್ಷದ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಅಂಗವಾಗಿಯೇ ಇದ್ದಿತು, ಲಿಂಗಸುಗೂರು, ಸಿಂಧನೂರುಗಳು ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ನೆವಿಲ್ ಡಿಸೋಜಾ ಅವರ ಮೂರು ಗೋಲುಗಳ ಬಲದಿಂದ ಭಾರತವು ಆಸ್ಟ್ರೇಲಿಯವನ್ನು ಅವರ ನೆಲದಲ್ಲಿಯೇ 4–2ರಿಂದ ಗೆದ್ದಿತು. ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಇದೆಲ್ಲವೂ ದಿಟ. ಆದರೆ ಹಂಗೆರಿಯು ಬಾರದೆ ಹೋದುದರಿಂದ ನಮಗೆ ಮೊದಲ ಸುತ್ತು ಆಡದೆಯೇ ದಾಟಿತು. ಗೆದ್ದುದು ಆ ಒಂದು ಪಂದ್ಯವನ್ನು ಮಾತ್ರ. ಮುಂದೆ ಯುಗೋಸ್ಲಾವಿಯಕ್ಕೂ ಬಲ್ಗೇರಿಯಕ್ಕೂ ಸೋತು ನಾಲ್ಕನೆಯ ಸ್ಥಾನದಲ್ಲಿ ನಿಂತೆವು. ಅಂದಿನ ಒಲಿಂಪಿಕ್ಸು ಹವ್ಯಾಸಿಗಳದಾಗಿದ್ದುದರಿಂದ ಪಶ್ಚಿಮ ಯೂರೋಪಿನ ವೃತ್ತಿಪರ ಆಟಗಾರರು ಅಲ್ಲಿರಲೇ ಇಲ್ಲ. ಜಗತ್ತಿನ ನಾಲ್ಕನೆಯ ತಂಡವೆಂಬ ಮಾತು ಸಲ್ಲದು. ಏಷ್ಯದ ಅಗ್ರಗಣ್ಯ ತಂಡಗಳಲ್ಲಿ ಒಂದೆಂಬ ಮಾತು ನಿಸ್ಸಂದೇಹವಾಗಿ ಸಲ್ಲುತ್ತದೆ. 1951ರಲ್ಲಿ ದಿಲ್ಲಿಯಲ್ಲಿ ಇರಾನನ್ನೂ 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನೂ ಸೋಲಿಸಿ ಏಷ್ಯನ್ ಕ್ರೀಡೆಗಳ ಸ್ವರ್ಣಪದಕವನ್ನು ತಂದವರು ರಹೀಮರ ಶಿಷ್ಯರು. ವ್ಯಾಧಿಗ್ರಸ್ತರಾಗಿಯೂ ಜಕಾರ್ತದ ತಂಡವನ್ನು ಸಜ್ಜುಗೊಳಿಸಿದ ಆ ಮಹನೀಯರು ಮರುವರ್ಷವೇ ತೀರಿಕೊಂಡರು. ಅವರ ಹೆಸರು ನಮ್ಮ ಮೂರೂ ಊರುಗಳ ಶಾಲೆಯ ಮಕ್ಕಳಿಗೆ ತಿಳಿದಿರಬೇಕೆಂದು ನಾನು ಹಾರೈಸುತ್ತೇನೆ.

ಅನಂತರದ ಅವನತಿಗೆ ಕ್ರಿಕೆಟ್ಟೇ ಕಾರಣವೆಂದು ಹೇಳುವವರು ಇಸವಿಗಳ ಕಡೆಗೆ ಕಣ್ಣುಹಾಯಿಸಿಲ್ಲ. ಕಪಿಲ್ ದೇವರ ತಂಡವು ಲಾರ್ಡ್ಸಿನಲ್ಲಿ ವಿಶ್ವಕಪ್ಪನ್ನೆತ್ತಿದ್ದು 1983ರಲ್ಲಿ. ನಮ್ಮ ಕಾಲ್ಚೆಂಡಿನವರು ಕಡೆಯ ಸಲ ಒಲಿಂಪಿಕ್ಸಿನಲ್ಲಿ ಆಡಿದ್ದು 1960ರ ರೋಮಿನಲ್ಲಿ, ಏಷ್ಯನ್ ಕ್ರೀಡೆಗಳಲ್ಲಿ ಕಡೆಯ ಪದಕವನ್ನು ಪಡೆದದ್ದು 1970ರ ಬ್ಯಾಂಕಾಕಿನಲ್ಲಿ. ಹಾಗಾದರೆ ಕುಸಿತವು ಕ್ರಿಕೆಟ್ಟಿನ ಜ್ವರಕ್ಕಿಂತ ಹಿಂದಿನದಾಯಿತು. ಅನ್ಯ ದೇಶಗಳು 90 ನಿಮಿಷಗಳ ಆಟಕ್ಕೆ ದೇಹವನ್ನು ಹದಗೊಳಿಸುತ್ತಿದ್ದಾಗ ನಮ್ಮ ದೇಶದೊಳಗಿನ ಪಂದ್ಯಗಳು ಬಹುಕಾಲ 70 ನಿಮಿಷಕ್ಕೇ ಮುಗಿಯುತ್ತಿದ್ದವು. ದಕ್ಷಿಣ ಕೊರಿಯವು 1983ರಲ್ಲಿಯೂ ಜಪಾನು 1993ರಲ್ಲಿಯೂ ವೃತ್ತಿಪರ ಲೀಗುಗಳನ್ನು ಕಟ್ಟಿಕೊಂಡವು, ನಮ್ಮ ರಾಷ್ಟ್ರೀಯ ಲೀಗು ಆರಂಭವಾದುದೇ 1996ರಲ್ಲಿ.

“ನೂರಾ ನಲವತ್ತು ಕೋಟಿ ಮಂದ್ಯಾಗ ಹನ್ನೊಂದು ಮಂದಿ ಸಿಗಂಗಿಲ್ಲೇನು?” ಎಂಬ ಪ್ರಶ್ನೆಯನ್ನು ಕೇಳದೆ ಯಾವ ಚರ್ಚೆಯೂ ಮುಗಿಯುವುದಿಲ್ಲ. ಪ್ರಶ್ನೆಯಲ್ಲಿನ ಸಂಕಟವು ನ್ಯಾಯವಾದುದೇ. ಆದರೆ ಜನಸಂಖ್ಯೆಯು ಬಲವಾಗುವುದೆಂಬ ಗ್ರಹಿಕೆಯು ತಪ್ಪು. 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆದ ಕೇಪ್ ವರ್ಡಿಯ ಜನಸಂಖ್ಯೆ ಸುಮಾರು 5 ಲಕ್ಷ; 2011ರ ಗಣತಿಯಂತೆ ನಮ್ಮ ರಾಯಚೂರು ಜಿಲ್ಲೆಯೊಂದರಲ್ಲಿಯೇ 19 ಲಕ್ಷಕ್ಕೂ ಮಿಕ್ಕಿದ ಜನರಿದ್ದರು. ಅದೇ ವಿಶ್ವಕಪ್ಪಿಗೆ ಬಂದ ಕ್ಯುರಸಾವ್ ಎಂಬ ದ್ವೀಪದಲ್ಲಿ ಇರುವವರು ಸುಮಾರು ಒಂದೂವರೆ ಲಕ್ಷ ಮಾತ್ರ. ಆದರೆ ಅದರ ಆಟಗಾರರಲ್ಲಿ ಹೆಚ್ಚಿನವರು ನೆದರ್ಲೆಂಡ್ಸಿನ ಶಿಕ್ಷಣ ವ್ಯವಸ್ಥೆಯಲ್ಲಿ ಬೆಳೆದವರೆಂಬುದನ್ನೂ ಕೂಡಿಯೇ ಹೇಳಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರನ್ನು ಮೇಲೆತ್ತಿ, ಅರೆದು, ಸಂಸ್ಕರಿಸಿದಾಗ ಕೆಲವೇ ಗ್ರಾಂ ಚಿನ್ನವು ಕೈಸೇರುವುದನ್ನು ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು: ಭೂಮಿಯೊಳಗೆ ಅದಿರು ಎಷ್ಟಿದೆಯೆಂಬುದರಿಂದ ಚಿನ್ನವಾಗುವುದಿಲ್ಲ, ಅದನ್ನು ಎತ್ತುವ, ಅರೆಯುವ, ಶೋಧಿಸುವ ಏರ್ಪಾಡು ಬೇಕು. ಎಂಟು ಹತ್ತು ವರ್ಷದ ಮಗುವಿಗೆ ಸಮತಟ್ಟಾದ ಮೈದಾನ, ಬಲ್ಲ ಶಿಕ್ಷಕ, ವರ್ಷದುದ್ದಕ್ಕೂ ಪಂದ್ಯಗಳು, ಇವು ದೊರೆಯದ ಊರಿನಲ್ಲಿ ಆ ಮಗುವು ನೂರಾ ನಲವತ್ತು ಕೋಟಿಯ ಲೆಕ್ಕಕ್ಕೆ ಸೇರಿದರೂ ಕಾಲ್ಚೆಂಡಿನ ಲೆಕ್ಕಕ್ಕೆ ಸೇರುವುದಿಲ್ಲ. ತುಂಗಭದ್ರೆಯ ಎಡದಂಡೆ ನಾಲೆಯ ನೀರು ಬಂದು ಭತ್ತದ ಗದ್ದೆಗಳೂ ಅಕ್ಕಿಯ ಗಿರಣಿಗಳೂ ಇಷ್ಟು ಬೆಳೆದಿರುವ ಸೀಮೆಯಲ್ಲಿ ಹುಡುಗ ಹುಡುಗಿಯರಿಗೆ ಇಂಥ ಒಂದು ಏರ್ಪಾಡನ್ನು ಮಾಡಿಕೊಡುವುದು ಅಸಾಧ್ಯವೆಂದು ನಾನು ಒಪ್ಪಲಾರೆ.

ಇತ್ತೀಚಿನ ಸೋಲುಗಳ ವಿಷಯದಲ್ಲಿ ದೋಹಾದ ಪಂದ್ಯವೇ ಎಲ್ಲರ ಬಾಯಲ್ಲಿದೆ. 2024ರ ಜೂನ್ 11ರಂದು, ವಿಶ್ವಕಪ್ ಅರ್ಹತೆಯ ಎರಡನೆಯ ಸುತ್ತಿನ ಕಡೆಯ ಪಂದ್ಯದಲ್ಲಿ ಛಾಂಗ್ತೆಯವರ ಗೋಲಿನಿಂದ ಮುಂದಿದ್ದ ಭಾರತದ ವಿರುದ್ಧ, ಗೆರೆಯನ್ನು ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಒಳಗೆಳೆದು ಹೊಡೆದ ಗೋಲನ್ನು ರೆಫರಿಯು ಕತಾರಿಗೆ ಮಾನ್ಯ ಮಾಡಿದುದು ಅನ್ಯಾಯವೇ ಸರಿ; ಅದನ್ನು ಅನ್ಯಾಯವೆಂದು ಹೇಳಲು ಯಾರೂ ಹಿಂಜರಿಯಬೇಕಾಗಿಲ್ಲ. ಆದರೆ ರೆಫರಿಯೊಬ್ಬನೇ ನಮ್ಮನ್ನು ಹೊರಹಾಕಿದನೆಂಬುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಆ ಗುಂಪಿನಲ್ಲಿ ಭಾರತಕ್ಕೆ ದೊರೆತುದು 5 ಅಂಕ, ಎರಡನೆಯ ಸ್ಥಾನ ಪಡೆದ ಕುವೈತಿಗೆ 7. ಅದಕ್ಕೆ ಮುಂಚೆ ಮಾರ್ಚ್ 26ರಂದು ಗುವಾಹಟಿಯಲ್ಲಿ, ವಿಶ್ವ ಶ್ರೇಯಾಂಕದಲ್ಲಿ 117ನೆಯದಾಗಿದ್ದ ಭಾರತವು 158ನೆಯದಾಗಿದ್ದ ಅಫ್ಘಾನಿಸ್ತಾನದ ವಿರುದ್ಧ, ಸುನಿಲ್ ಛೆಟ್ರಿಯವರ ಗೋಲಿನಿಂದ ಮುಂದಿದ್ದೂ 1–2ರಿಂದ ಸೋತಿತ್ತು. ಅಂದು ಗೆದ್ದಿದ್ದರೆ ನಮಗೆ 8 ಅಂಕಗಳಾಗಿ, ದೋಹಾದಲ್ಲಿ ಏನಾದರೂ ಆಗಲಿ, ಮೂರನೆಯ ಸುತ್ತಿನ ಬಾಗಿಲು ತೆರೆಯುತ್ತಿತ್ತು. ಗುವಾಹಟಿಯ ಸೋಲನ್ನು ನಾವು ಮರೆತಿದ್ದೇವೆ, ದೋಹಾದ ಅನ್ಯಾಯವನ್ನು ಮರೆತಿಲ್ಲ.

ಶ್ರೇಯಾಂಕದ ಮೇಲಿನ ಭರವಸೆಯೂ ಇದರೊಡನೆಯೇ ಬೀಳುತ್ತದೆ. ಸೌದಿ ಅರೇಬಿಯದಲ್ಲಿ ನಡೆಯುವ 2027ರ ಏಷ್ಯನ್ ಕಪ್ಪಿನ ಅರ್ಹತೆಗಾಗಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶಗಳೊಡನೆ ನಮ್ಮ ಹೆಸರು ಬಂದಾಗ, ಇದು ಸುಲಭದ ಗುಂಪೆಂದೂ, ಎರಡನೆಯ ಸ್ಥಾನವಾದರೂ ಸಾಕೆಂದೂ ಅನೇಕರು ತಿಳಿದಿದ್ದರು. ಮೊದಲಿಬ್ಬರು ಮುಂದೆ ಹೋಗುವುದು ವಿಶ್ವಕಪ್ ಅರ್ಹತೆಯ ಎರಡನೆಯ ಸುತ್ತಿನ ನಿಯಮ; ಇಲ್ಲಿ ಆರು ಗುಂಪುಗಳ ಅಗ್ರಸ್ಥಾನಿಗಳಿಗೆ ಮಾತ್ರ ಪ್ರವೇಶವಿತ್ತು. ಆದುದರಿಂದಲೇ 2025ರ ಮಾರ್ಚಿನಲ್ಲಿ ಶಿಲ್ಲಾಂಗಿನಲ್ಲಿ ಬಾಂಗ್ಲಾದೇಶದೊಡನೆ ಆದ ಗೋಲಿಲ್ಲದ ಸಮಬಲವು ಸೋಲಿಗೆ ಸಮೀಪದ್ದಾಗಿತ್ತು. ಜೂನಿನಲ್ಲಿ ಹಾಂಗ್‌ಕಾಂಗಿಗೆ, ಅಕ್ಟೋಬರಿನಲ್ಲಿ ಮಡಗಾಂವಿಯಲ್ಲಿ ಸಿಂಗಪುರಕ್ಕೆ ಸೋತು ನಮ್ಮ ಆಶೆಯು ಮುಗಿಯಿತು. ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶವು ಇಪ್ಪತ್ತೆರಡು ವರ್ಷಗಳ ಅನಂತರ ನಮ್ಮನ್ನು ಗೆದ್ದಿತು.

ಈ ನಡುವೆ, ನಿವೃತ್ತಿಯನ್ನು ಘೋಷಿಸಿದ್ದ ಛೆಟ್ರಿಯವರನ್ನು ನಲವತ್ತರ ವಯಸ್ಸಿನಲ್ಲಿ ಮರಳಿ ಕರೆಸಿಕೊಳ್ಳಬೇಕಾಯಿತು. ಅದು ಅವರ ಹಿರಿಮೆಯನ್ನು ಹೇಳುವಷ್ಟೇ ನಮ್ಮ ದಾರಿದ್ರ್ಯವನ್ನೂ ಹೇಳುತ್ತದೆ. ಅದೇ ವರ್ಷದ ಜುಲೈಯಲ್ಲಿ ವಾಣಿಜ್ಯ ಒಪ್ಪಂದದ ತೊಡಕಿನಿಂದ ಇಂಡಿಯನ್ ಸೂಪರ್ ಲೀಗನ್ನೇ ತಡೆಹಿಡಿದಿದ್ದರೆಂಬುದನ್ನು ಸ್ಮರಿಸಿದರೆ, ಆಟಗಾರರನ್ನು ಮಾತ್ರ ನಿಂದಿಸುವುದು ಎಷ್ಟು ಅನುಚಿತವೆಂಬುದು ತಿಳಿಯುತ್ತದೆ.

ವಿದೇಶದಲ್ಲಿ ನೆಲಸಿರುವ ಭಾರತ ಮೂಲದ ಆಟಗಾರರನ್ನು ನಾಳೆಯೇ ಕರೆತರಬಹುದೆಂಬ ನಂಬಿಕೆಗೂ ಆಧಾರವಿಲ್ಲ: ಭಾರತವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ, ಸಾಗರೋತ್ತರ ಪೌರತ್ವದ ಚೀಟಿಯುಳ್ಳವರಿಗೆ ರಾಷ್ಟ್ರೀಯ ತಂಡದಲ್ಲಿ ಸ್ಥಾನವಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯದ ಪೌರತ್ವವನ್ನು ತ್ಯಜಿಸಿಯೇ 2025ರಲ್ಲಿ ಭಾರತೀಯರಾದರು. ಎಲ್ಲರೂ ಹಾಗೆ ತ್ಯಜಿಸುವರೆಂದು ನಿರೀಕ್ಷಿಸಲಾಗದು.

ಇನ್ನು ಮುಂದಿನ ಸಾಧ್ಯತೆ. ವಿಶ್ವಕಪ್ಪಿನ ತಂಡಗಳು 48 ಆದುದರಿಂದ ಏಷ್ಯಕ್ಕೆ 8 ನೇರ ಸ್ಥಾನಗಳು ದೊರೆತಿವೆ, ಇನ್ನು ಭಾರತಕ್ಕೇನು ಕಷ್ಟ ಎನ್ನುವವರು, 1985ರಿಂದ ಅರ್ಹತಾ ಪಂದ್ಯಗಳನ್ನಾಡುತ್ತ ಬಂದಿರುವ ನಾವು ಏಷ್ಯದ ಕೊನೆಯ ಹಂತವನ್ನು ಒಮ್ಮೆಯೂ ಮುಟ್ಟಿಲ್ಲವೆಂಬುದನ್ನು ಪರಿಗಣಿಸಬೇಕು. 2026ಕ್ಕಾಗಿ ಮೂರನೆಯ ಸುತ್ತಿಗೆ ಹೋದ 18 ತಂಡಗಳಲ್ಲಿ ನಾವಿರಲಿಲ್ಲ. ಹೆಚ್ಚಿದ ಸ್ಥಾನಗಳ ಫಲವನ್ನುಂಡವರು ಮೊದಲ ಸಲ ವಿಶ್ವಕಪ್ಪಿಗೆ ಬಂದ ಉಜ್ಬೇಕಿಸ್ತಾನ, ಜೋರ್ಡನ್ನಿನವರು. ಆದುದರಿಂದ 2030ರ ವಿಶ್ವಕಪ್ಪಿನ ಮಾತನ್ನು ಬದಿಗಿಡುವುದೇ ಲೇಸು. ಎರಡನೆಯ ಸುತ್ತನ್ನು ದಾಟುವುದು, ಏಷ್ಯನ್ ಕಪ್ಪಿಗೆ ಮರಳುವುದು, ಇಷ್ಟು ಸಾಧ್ಯ. ಸ್ವದೇಶದಲ್ಲಿ ನಮಗಿಂತ ಕೆಳಗಿನ ತಂಡಗಳನ್ನು ತಪ್ಪದೆ ಗೆದ್ದರೆ ಮಾತ್ರ ಸಾಧ್ಯ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮಿತ್ರರು ಮುಂದಿನ ಅರ್ಹತಾ ಸುತ್ತಿನ ವೇಳಾಪಟ್ಟಿ ಬಂದಾಗ ಬಲಿಷ್ಠರೊಡನೆ ನಡೆಯುವ ಪಂದ್ಯಗಳಿಗಿಂತ ಮೊದಲು, ಗುಂಪಿನ ಅತ್ಯಂತ ದುರ್ಬಲ ತಂಡದೊಡನೆ ನಮ್ಮ ನೆಲದಲ್ಲಿ ನಡೆಯುವ ಪಂದ್ಯದ ದಿನಾಂಕವನ್ನು ಗುರುತು ಹಾಕಿಕೊಳ್ಳಲಿ.