ಕೋಸ್ಟರಿಕಾದ ಕಾಫಿ ಕೊಯ್ಲು ಮತ್ತು ಆಳುಗಳ ಕಾನೂನು

ಬೆಳೆಗಾರ ಬಂಧುಗಳು ನಾಲ್ವರು ಕೂಡಿದಲ್ಲಿ ಈಗ ಧಾರಣೆಗಿಂತ ಮೊದಲು ಬರುವ ಮಾತು ಆಳಿನದು. ಹಣ್ಣು ಕೊಯ್ಯಲು ಅಸ್ಸಾಮಿನವರ ದಾರಿ ಕಾಯುವ ಕಾಲ ನಮಗೆ ಬಂದಿದೆ. ಇದೇ ಪಾಡನ್ನು ಬಹಳ ಹಿಂದಿನಿಂದ ಪಡುತ್ತಿರುವ ದೇಶ ಮಧ್ಯ ಅಮೆರಿಕದ ಕೋಸ್ಟರಿಕಾ. ಅಲ್ಲಿಯೂ ಕಾಫಿ ಬೆಳೆಯುವವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಸಹಕಾರ ಸಂಘಕ್ಕೆ ಹಣ್ಣು ಕೊಡುವವರೂ ಅನೇಕರು. ಕೊಯ್ಲಿಗೆ ಬರುವವರು ಮಾತ್ರ ಹೆಚ್ಚಾಗಿ ಪರದೇಶದವರು: ಉತ್ತರದ ನಿಕಾರಾಗುವದವರು, ದಕ್ಷಿಣದ ಪನಾಮದಿಂದ ಮಕ್ಕಳುಮರಿ ಸಮೇತ ಬರುವ ನ್ಗೋಬೆ ಬುಡಕಟ್ಟಿನವರು. ಇವರನ್ನು ಕೆಲಸಕ್ಕಿಟ್ಟುಕೊಳ್ಳುವ ತೋಟದವನ ಮೇಲೆ ಅಲ್ಲಿಯ ಕಾನೂನು ಯಾವ ಹೊಣೆ ಹೊರಿಸಿದೆ ಎಂಬುದು ನಾವೂ ತಿಳಿಯತಕ್ಕ ವಿಷಯ.

ಅಲ್ಲಿಯ ಕಾರ್ಮಿಕ ಸಂಹಿತೆ 1943ರದು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ. ಸ್ವದೇಶಿ, ವಿದೇಶಿ ಎಂದು ಕೂಲಿಯಲ್ಲಾಗಲಿ ಸೌಲಭ್ಯದಲ್ಲಾಗಲಿ ಭೇದ ಮಾಡಕೂಡದೆಂದು 1949ರ ಸಂವಿಧಾನದ 68ನೆಯ ವಿಧಿ ಹೇಳುತ್ತದೆ. ಉಳಿದದ್ದೆಲ್ಲ ಸಮನಾಗಿದ್ದರೆ ಕೆಲಸ ಕೊಡುವಾಗ ಸ್ವದೇಶಿಗೆ ಮೊದಲ ಮಣೆ. ಕೊಟ್ಟ ಮೇಲೆ ಇಬ್ಬರೂ ಒಂದೇ. ಕಾಗದಪತ್ರವಿಲ್ಲದೆ ಗಡಿ ದಾಟಿದವನನ್ನು ಕೆಲಸಕ್ಕಿಟ್ಟುಕೊಂಡರೆ ಮಾಲೀಕನಿಗೆ ದಂಡ. ಆದರೆ ದಂಡ ತೆತ್ತೆನೆಂದು ಕೂಲಿಯನ್ನು ನುಂಗಿಹಾಕುವಂತಿಲ್ಲ. ಅದು 2009ರ ವಲಸೆ ಕಾಯಿದೆಯ ಕಟ್ಟಳೆ. ಈ ಒಂದು ಮಾತಿಲ್ಲದಿದ್ದರೆ ಕಾಗದವಿಲ್ಲದ ಆಳೇ ಅಗ್ಗವೆಂದು ಎಲ್ಲರೂ ಅವನನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಕೊಯ್ಲಿನ ಕೂಲಿ ಅಲ್ಲಿ ತೂಕದ ಮೇಲಲ್ಲ, ಅಳತೆಯ ಮೇಲೆ. 20 ಲೀಟರು ಹಿಡಿಯುವ ಪೆಟ್ಟಿಗೆಗೆ ಕಹುವೇಲಾ ಎಂದು ಹೆಸರು. ಅಂಥ 20 ಪೆಟ್ಟಿಗೆ ಕೂಡಿದರೆ ಒಂದು ಫನೇಗಾ. ಅಂದರೆ ಸುಮಾರು 258 ಕಿಲೋ ಹಣ್ಣು. ಪೆಟ್ಟಿಗೆಗೆ ಕನಿಷ್ಠ ಇಷ್ಟು ಕೂಲಿ ಎಂದು ಸರ್ಕಾರವೇ ಗೊತ್ತುಮಾಡುತ್ತದೆ. ಕೊಳಗದಲ್ಲಿ ಭತ್ತ ಅಳೆದ ಮನೆಯವರಿಗೆ ಇದರ ಒಳಗುಟ್ಟು ಹೇಳಬೇಕಾಗಿಲ್ಲ. ತಲೆ ಸವರಿ ಅಳೆದರೆ ಒಂದು ಲೆಕ್ಕ, ಗೋಪುರವಾಗಿ ತುಂಬಿಸಿಕೊಂಡರೆ ಇನ್ನೊಂದು. ನಮ್ಮ ತಕ್ಕಡಿಯೂ ಸಾಚಾ ಅಲ್ಲ. ಮಳೆಯಲ್ಲಿ ನೆಂದ ಹಣ್ಣು ತೋಟದವನಿಗೆ ಭಾರ, ಚೀಲದ ತೂಕವೆಂದು ಕಳೆಯುವ ಕಿಲೋ ಆಳಿಗೆ ಭಾರ. ಎಲ್ಲರೂ ಒಂದೇ ಪೆಟ್ಟಿಗೆಯನ್ನು ಬಳಸುವುದರಿಂದ ಆ ತೋಟದಲ್ಲಿ ಎಷ್ಟು, ಈ ತೋಟದಲ್ಲಿ ಎಷ್ಟು ಎಂದು ಹೋಲಿಸಿ ನೋಡಲು ಓದು ಬಾರದವನಿಗೂ ಸಾಧ್ಯ.

ಇನ್ನೊಂದು ಸ್ವಾರಸ್ಯ ಹೇಳಬೇಕು. ಕೂಲಿಯನ್ನು ಚಲಾವಣೆಯ ನಾಣ್ಯದಲ್ಲೇ ಕೊಡಬೇಕು, ಚೀಟಿ ಬಿಲ್ಲೆಗಳಲ್ಲಿ ಕೊಡಕೂಡದು ಎಂಬುದು ಸಂಹಿತೆಯ 165ನೆಯ ಕಲಮು. ಅದರಲ್ಲೇ ಕಾಫಿ ತೋಟಗಳಿಗೆ ಮಾತ್ರ ರಿಯಾಯಿತಿ: ಬಿಲ್ಲೆ ಕೊಡಬಹುದು, ಆದರೆ ವಾರದೊಳಗೆ ಅದನ್ನು ಹಣ ಮಾಡಿಕೊಡಲೇಬೇಕು. ಪೆಟ್ಟಿಗೆ ತುಂಬಿದಂತೆಲ್ಲ ಕೊಯ್ಲುಗಾರನ ಕೈಗೆ ತೋಟದ ಗುರುತೊತ್ತಿದ ಲೋಹದ ಬಿಲ್ಲೆ ಬೀಳುತ್ತಿದ್ದುದು ಅಲ್ಲಿಯ ಹಳೆಯ ಪದ್ಧತಿ. ಆ ಬಿಲ್ಲೆಗಳನ್ನು ಈಗ ಹವ್ಯಾಸಿಗಳು ಸಂಗ್ರಹಿಸುತ್ತಾರೆ. ವಾರದ ಗಡುವು ಸಣ್ಣ ವಿಷಯವಲ್ಲ. ಗಡುವಿಲ್ಲದ ಬಿಲ್ಲೆ ತೋಟದ ಅಂಗಡಿಯಲ್ಲೇ ಸವೆದುಹೋಗುತ್ತದೆ.

ವರ್ಷದ ಕೊನೆಗೆ ಹದಿಮೂರನೆಯ ತಿಂಗಳ ಸಂಬಳವೆಂಬುದೊಂದಿದೆ. ಡಿಸೆಂಬರ್ 1ರಿಂದ ಮರುವರ್ಷದ ನವೆಂಬರ್ 30ರವರೆಗೆ ಗಳಿಸಿದ ಕೂಲಿಯ ಹನ್ನೆರಡನೆಯ ಒಂದು ಭಾಗವನ್ನು ಡಿಸೆಂಬರ್ 20ರೊಳಗೆ ಕೊಡಬೇಕು. ಉದಾಹರಣೆಗೆ, 60,000 ಗಳಿಸಿದವನಿಗೆ 5,000. ಹನ್ನೆರಡರಲ್ಲೊಂದು ಎಂದರೆ ಶೇಕಡಾ 8.33, ನಮ್ಮ 1965ರ ಬೋನಸ್ ಕಾಯಿದೆ ಕನಿಷ್ಠವೆಂದು ಗೊತ್ತುಮಾಡಿದ್ದೂ ಅದೇ ಅಂಕಿ. ವ್ಯತ್ಯಾಸ ಬೇರೆ ಕಡೆ ಇದೆ. ನಮ್ಮ ಕಾಯಿದೆ ಸಾಮಾನ್ಯವಾಗಿ 20 ಜನರಿರುವಲ್ಲಿ ಮಾತ್ರ ಅನ್ವಯಿಸುತ್ತಿತ್ತಾದ್ದರಿಂದ ನಮ್ಮಂಥವರ ತೋಟದ ಬೇಲಿಯಾಚೆಯೇ ನಿಂತಿತು. ಅಲ್ಲಿ ಒಬ್ಬನೇ ಆಳಿದ್ದರೂ ಬಿಡುವಂತಿಲ್ಲ.

ಕಾನೂನು ಕಾಲೂರಲು ಕಷ್ಟಪಡುವುದು ವಿಮೆಯಲ್ಲಿ. 1941ರಲ್ಲಿ ಸ್ಥಾಪನೆಯಾದ ಸಾಮಾಜಿಕ ಭದ್ರತಾ ಸಂಸ್ಥೆಗೆ ಮಾಲೀಕ ಕಟ್ಟಬೇಕಾದ ವಂತಿಗೆಗಳೆಲ್ಲ ಸೇರಿದರೆ ಕೂಲಿಯ ಕಾಲು ಭಾಗ ದಾಟುತ್ತದೆ. ಹೆಕ್ಟೇರು ಎರಡು ಹೆಕ್ಟೇರು ಇರುವವನಿಗೆ ಇದು ಸಣ್ಣ ಹೊರೆಯಲ್ಲ. ಈ ವಾರ ಇಲ್ಲಿ, ಮುಂದಿನ ವಾರ ಇನ್ನೊಂದು ಗುಡ್ಡದಲ್ಲಿ ಕೊಯ್ಯುವವನ ಹೆಸರನ್ನು ಯಾವ ಮಾಲೀಕ ಬರೆಸಬೇಕು? ಒಬ್ಬೊಬ್ಬ ಬೆಳೆಗಾರನ ಕೈಯಲ್ಲಾಗದ ಕೆಲಸವಿದು. ಆದ್ದರಿಂದ ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ಕಾಫಿ ಸಂಸ್ಥೆ ಮುಂದೆ ಬಂದು, ಕೊಯ್ಲುಗಾರರ ವಿಮೆಗೆ ಭದ್ರತಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿದೆ. 15 ವರ್ಷದೊಳಗಿನವರನ್ನು ದುಡಿಸುವುದು ನಿಷಿದ್ಧ. ಗಿಡದ ಬುಡದಲ್ಲಿ ಬಿಟ್ಟ ಮಗು ತಾನಾಗಿಯೇ ಹಣ್ಣು ಆಯತೊಡಗುತ್ತದೆ. ಅದಕ್ಕಾಗಿ ಕೊಯ್ಲಿನ ತಿಂಗಳುಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ 'ಸಂತಸದ ಮನೆ'ಗಳನ್ನು ತೆರೆದಿದ್ದಾರೆ.

ನಮಗೆ ಕೂಡಲೇ ಹಿಡಿಸುವಂಥದು, ಖರ್ಚಿಲ್ಲದ್ದು, ಒಂದುಂಟು. ಅಲ್ಲಿ ತೋಟದ ಕೆಲಸಕ್ಕೆ ಬಾಯಿಮಾತಿನ ಕರಾರು ನಡೆಯುತ್ತದೆ. ಆದರೆ ಆಳು ಕೇಳಿದರೆ 30 ದಿನಕ್ಕೊಮ್ಮೆ, ಎಷ್ಟು ದಿನ ದುಡಿದ, ಎಷ್ಟು ಹಣ ಪಡೆದ ಎಂದು ಬರೆದುಕೊಡಬೇಕು. ನಮ್ಮಲ್ಲಿ ಈ ಲೆಕ್ಕ ಮೇಸ್ತ್ರಿಯ ಜೇಬಿನ ಪುಸ್ತಕದಲ್ಲಿರುತ್ತದೆ; ಮುಂಗಡ ಎಷ್ಟು, ಮುರಿದುಕೊಂಡದ್ದೆಷ್ಟು ಎಂಬುದು ಅವನಿಗೊಬ್ಬನಿಗೇ ಗೊತ್ತು. ಜಗಳವಾದ ದಿನ ಮಾತ್ರ ಮಾಲೀಕರು ಬೇಕು! ದಿನ, ಕಿಲೋ, ಮುಂಗಡ, ಪಾವತಿ ಎಂಬ ನಾಲ್ಕು ಕಲಮುಗಳ ಚೀಟಿ ಪುಸ್ತಕವನ್ನು ಸಂಘದಿಂದ ಅಚ್ಚು ಹಾಕಿಸುವ ಸೂಚನೆಯನ್ನು ಆಡಳಿತ ಮಂಡಳಿಯ ಮುಂದಿಟ್ಟಿದ್ದೇನೆ. ಎಷ್ಟು ಆಳುಗಳಿಗೆ ಬೇಕಾಗಬಹುದೆಂಬುದನ್ನು ಸದಸ್ಯರು ಕೊಯ್ಲಿಗೆ ಮುಂಚೆ ಕಚೇರಿಗೆ ತಿಳಿಸಬೇಕಾಗಿ ಕೋರಿಕೆ.