ನಿಮಗಿದು ಗೊತ್ತೆ? ಲಾವಾವನ್ನು ತಡೆದದ್ದು ಕಡಲ ನೀರು!

ಐಸ್‌ಲ್ಯಾಂಡಿನ ಜ್ವಾಲಾಮುಖಿಗಳನ್ನು ನೋಡಲು ದೇಶ ಸುತ್ತುವ ಹೆದ್ದಾರಿಯೇ ಸಾಕು ಎನ್ನುವವರಿದ್ದಾರೆ. ಆದರೆ ಆ ನೆಲದ ಕಥೆಯಲ್ಲಿ ಬೆಂಕಿಯಷ್ಟೇ ಪಾಲು ಕಡಲಿನದೂ ಇದೆ; ಅದು ಚೆನ್ನಾಗಿ ಕಾಣುವುದು ಸಣ್ಣ ಹಡಗಿನಿಂದ. ದಕ್ಷಿಣ ತೀರದಾಚೆಯ ಹೇಮಾಯ್ ದ್ವೀಪವನ್ನೇ ನೋಡಿ. 1973ರ ಜನವರಿ 23ರ ನಡುರಾತ್ರಿ ಕಳೆದ ಮೇಲೆ ಊರಿನ ಅಂಚಿನಲ್ಲೇ ನೆಲ ಬಿರಿಯಿತು. ಹಿಂದಿನ ದಿನದ ಬಿರುಗಾಳಿಯಿಂದಾಗಿ ಮೀನುಗಾರಿಕೆ ದೋಣಿಗಳು ಬಂದರಿನಲ್ಲೇ ಉಳಿದಿದ್ದವು. ಸುಮಾರು 5,300 ಜನರಲ್ಲಿ ಹೆಚ್ಚಿನವರು ಅವುಗಳಲ್ಲೇ ಪಾರಾದರು. ಲಾವಾ ಬಂದರಿನ ಬಾಯಿ ಮುಚ್ಚಲು ಬಂದಾಗ, ಪಂಪುಗಳಿಂದ ವಾರಗಟ್ಟಲೆ ಸಮುದ್ರದ ನೀರನ್ನೇ ಸುರಿದು ಅದನ್ನು ಗಟ್ಟಿಯಾಗಿಸಿದರು. ಬಂದರು ಉಳಿಯಿತು, ಗಾಳಿಗೆ ಹೊಸ ಮರೆಯೂ ಸಿಕ್ಕಿತು. ಇಂದು ಒಳಬರುವ ಹಡಗಿನ ಒಂದು ಬದಿಗೆ ಹುಲ್ಲು ಹಬ್ಬಿದ ಕಡಿದಾದ ಬೆಟ್ಟ, ಇನ್ನೊಂದು ಬದಿಗೆ ಅದೇ ಲಾವಾದ ಕರಿ, ಒರಟು ಅಂಚು. ಈ ಇಕ್ಕಟ್ಟಿನ ದಾರಿ ಭಾರೀ ಹಡಗುಗಳಿಗೆ ಹೇಳಿದ್ದಲ್ಲ.

ಹಡಗಿನ ಹೊಗೆ, ಪ್ರವಾಸಿಗರ ಹೆಜ್ಜೆ ಇಂಥ ಸೂಕ್ಷ್ಮ ಜಾಗಗಳಿಗೆ ಹಾನಿಯಲ್ಲವೇ? ಹೊಗೆಯ ಮಾತು ನಿಜ, ಅದನ್ನು ತಳ್ಳಿಹಾಕಲಾಗದು. ಹೆಜ್ಜೆಯ ಪ್ರಶ್ನೆಗೆ ಮಾತ್ರ ಪಕ್ಕದ ಸುರ್ಟ್ಸೆ ದ್ವೀಪದಲ್ಲಿ ಉತ್ತರವಿದೆ. 1963ರಲ್ಲಿ ಕಡಲೊಳಗಿಂದ ಎದ್ದ ಆ ದ್ವೀಪಕ್ಕೆ ಕಾಲಿಡಲು ಅನುಮತಿ ಪಡೆದ ಸಂಶೋಧಕರಿಗಷ್ಟೇ ಅವಕಾಶ. ಉಳಿದವರು ದೂರದಿಂದಲೇ ನೋಡಬೇಕು. ನೋಡುವುದಕ್ಕೂ ಕಾಲಮಿತಿಯಿದೆ: 1967ರಲ್ಲಿ ಸುಮಾರು 2.7 ಚದರ ಕಿ.ಮೀ. ಇದ್ದ ದ್ವೀಪದ ಅರ್ಧದಷ್ಟನ್ನು ಅಲೆಗಳು ಆಗಲೇ ಕೊರೆದೊಯ್ದಿವೆ.