ಮಸೂರದ ಆರೈಕೆ

ಮಸೂರವೆಂದರೆ ಚನ್ನಂಗಿ ಬೇಳೆ. ಲ್ಯಾಟಿನ್ ಭಾಷೆಯ ‘ಲೆನ್ಸ್’ ಶಬ್ದದ ಮೂಲಾರ್ಥವೂ ಅದೇ. ನಡು ಉಬ್ಬಿ ಅಂಚು ತೆಳುವಾದ ಗಾಜಿಗೆ ಆಕಾರದಿಂದಲೇ ಈ ಹೆಸರು ಬಂದಿತು. ಮಳೆಗಾಲಕ್ಕೆ ಮುನ್ನ ಬೇಳೆಯನ್ನು ಬಿಸಿಲಿಗೆ ಹರವಿ ಭದ್ರಪಡಿಸುವ ಗೃಹಿಣಿಯ ಎಚ್ಚರ ಕ್ಯಾಮೆರಾ ಉಳ್ಳವರಿಗೂ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಂತೂ ಬೇಸಗೆಯ ಕೆಂಧೂಳು, ಮಳೆಗಾಲದ ತೇವ ಎರಡೂ ಮಸೂರಕ್ಕೆ ಹಗೆಗಳೇ.

ಮಸೂರದ ಮುಂದೆ ತಿರುಪಿ ಕೂರಿಸುವ ಸಪಾಟಾದ ಗಾಜೇ ಫಿಲ್ಟರ್. ಫಿಲ್ಮಿನ ಕಾಲದಲ್ಲಿ ನೇರಳಾತೀತ ಕಿರಣಗಳನ್ನು ತಡೆದು ದೂರದ ಘಟ್ಟಗಳ ಮಬ್ಬನ್ನು ತಗ್ಗಿಸಲು ಯು.ವಿ. ಫಿಲ್ಟರನ್ನು ಬಳಸುತ್ತಿದ್ದರು. ಡಿಜಿಟಲ್ ಕ್ಯಾಮೆರಾದ ಒಳಗೇ ಆ ತಡೆ ಇರುವುದರಿಂದ ಇಂದು ಅದು ಬಹುಮಟ್ಟಿಗೆ ರಕ್ಷಾಕವಚ ಮಾತ್ರ. ಕೊಳ್ಳುವಾಗ ಮಸೂರದ ವ್ಯಾಸವನ್ನು ನೋಡಬೇಕು. 52, 58, 67 ಮಿಲಿಮೀಟರ್ ಎಂಬಂತೆ ಅದು ವ್ಯಾಸದ ಚಿಹ್ನೆಯೊಡನೆ ನಮೂದಾಗಿರುತ್ತದೆ. ಸಂಗಮದೂರದ ಅಂಕೆಯೊಡನೆ ಅದನ್ನು ಬೆರೆಸಬಾರದು. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಆದುದರಿಂದ ಬಹುಪದರದ ಲೇಪನವುಳ್ಳದ್ದನ್ನೇ ಆರಿಸುವುದು ಲೇಸು.

ಕವಚವನ್ನು ಸದಾ ತೊಟ್ಟಿರಬೇಕೆಂದಿಲ್ಲ. ಕಂಬಳದ ಗದ್ದೆಯಂಚಿನಲ್ಲಿ ಕೆಸರು ಸಿಡಿಯುವಾಗ ಅದು ಬೇಕೇ ಬೇಕು. 1430ರಲ್ಲಿ ನಿರ್ಮಾಣಗೊಂಡ ಮೂಡಬಿದಿರೆಯ ಸಾವಿರ ಕಂಬದ ಬಸದಿಯಂಥ ಕಡೆ, ಅನುಮತಿಯಿದ್ದು ದೀಪಕ್ಕೆದುರಾಗಿ ಚಿತ್ರ ತೆಗೆಯುವುದಾದರೆ, ಅದನ್ನು ಕಳಚಿಡುವುದೇ ಮೇಲು. ಇಲ್ಲವಾದರೆ ದೀಪದ ಹುಸಿಬಿಂಬವೊಂದು ಚಿತ್ರದಲ್ಲಿ ಮೂಡೀತು.

ಇನ್ನು ಶುಚಿ. ಪಂಚೆಯ ಚುಂಗು, ಸೆರಗು, ಕರವಸ್ತ್ರ ಯಾವುವೂ ಸಲ್ಲವು. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಗಾಜಿಗಿಂತ ಗಡುಸು. ಒರೆಸಿದರೆ ಗೀರು ಬೀಳುತ್ತದೆ. ಮೊದಲು ರಬ್ಬರಿನ ಗಾಳಿಬುರುಡೆಯನ್ನು ಒತ್ತಿ ಧೂಳನ್ನು ಹಾರಿಸಬೇಕು. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಬಳಿಕ ಮೃದುವಾದ ಕುಂಚ. ಆಮೇಲೂ ಬೆರಳಿನ ಜಿಡ್ಡು ಉಳಿದಿದ್ದರೆ, ಮಸೂರಕ್ಕೆಂದೇ ಮಾರುವ ದ್ರವದ ಒಂದು ತೊಟ್ಟನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ ಹಗುರವಾಗಿ ಒರೆಸಬೇಕು. ದ್ರವವನ್ನು ನೇರವಾಗಿ ಗಾಜಿನ ಮೇಲೆ ಸುರಿದರೆ ಅಂಚಿನ ಸಂದಿಯಿಂದ ಒಳಕ್ಕಿಳಿದೀತು.

ಎಲ್ಲಕ್ಕಿಂತ ದೊಡ್ಡ ಭಯ ಬೂಷ್ಟಿನದು. ಆಟಿಯ ಮಳೆಯಲ್ಲಿ ಚರ್ಮದ ಚೀಲದೊಳಗೆ ತಿಂಗಳುಗಟ್ಟಲೆ ಕತ್ತಲಲ್ಲಿಟ್ಟ ಮಸೂರದೊಳಗೆ ಜೇಡನ ಬಲೆಯಂತೆ ಅದು ಹಬ್ಬುತ್ತದೆ; ಕ್ರಮೇಣ ಲೇಪನವನ್ನೇ ಕೆಡಿಸುತ್ತದೆ. ಇದನ್ನು ಹೊರಗಿನ ಫಿಲ್ಟರು ತಡೆಯದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸಿಲಿಕಾ ಜೆಲ್ — ಇಷ್ಟೇ ಸಾಕು. ಬಣ್ಣ ತಿರುಗಿದ ಹರಳುಗಳನ್ನು ಬಿಸಿಮಾಡಿ ಮತ್ತೆ ಬಳಸಬಹುದು. ಒದ್ದೆಯಾದ ಫಿಲ್ಟರನ್ನು ಬಿಚ್ಚಿ ಒಣಗಿಸಿಯೇ ಒಳಗಿಡಬೇಕು.

ಬಸದಿಯ ಕಂಬಗಳು ಮುಂದಿನ ವರ್ಷವೂ ಅಲ್ಲಿರುತ್ತವೆ. ಆದರೆ ವಯಸ್ಸಾದ ವೇಷಧಾರಿಯ ಕೊನೆಯ ಕುಣಿತವೋ ಮನೆಯ ಹಿರಿಯರ ನಗುವೋ ಮತ್ತೊಮ್ಮೆ ಎದುರು ನಿಲ್ಲಲಾರದು. ಆ ಹೊತ್ತಿಗೆ ಮಸೂರ ತಿಳಿಯಾಗಿರಬೇಕಾದರೆ, ಡಬ್ಬದ ಏರ್ಪಾಡು ಮೊದಲ ಮಳೆಗೆ ಮುನ್ನವೇ ಆಗಬೇಕು.